ಕೃತಕ ಕಾಲು, ಬ್ರೇಸ್ ಕೆಲಸದ ಉಸ್ತುವಾರಿ: ಖುದ್ದು ನಿಲ್ಲಬೇಕಾದದ್ದು ಎಲ್ಲೆಲ್ಲಿ? ಅನುಭವ ಇದ್ದವರು ಹೇಳಿ

ಕೇಳಿದ್ದು, ಶಿವಮೊಗ್ಗದಿಂದ
ಕೃತಕ ಕಾಲು, ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಲೋಹದ ಚೌಕಟ್ಟು), ಎಎಫ್‌ಒ (ಕಣಕಾಲು, ಪಾದ ಹಿಡಿದಿಡುವ ಬ್ರೇಸ್) ಮಾಡುವ ಚಿಕ್ಕ ವಿಭಾಗವೊಂದರ ಉಸ್ತುವಾರಿ ಈಗ ನನ್ನದು. ಇಬ್ಬರು ಟೆಕ್ನೀಷಿಯನ್, ಒಬ್ಬ ಇಂಟರ್ನ್. ಒಪಿಡಿಯೂ ನನ್ನ ತಲೆ ಮೇಲೇ ಇರುವುದರಿಂದ ಪ್ರತಿ ಹಂತಕ್ಕೂ ಪಕ್ಕದಲ್ಲಿ ನಿಲ್ಲಲಾಗದು. ಯಾವುದನ್ನು ಅವರಿಗೆ ಬಿಡಬಹುದು, ಯಾವುದನ್ನು ಬಿಡಲೇಬಾರದು? ಬರುವವರಲ್ಲಿ ಹೆಚ್ಚಿನವರು ಮೊಣಕಾಲ ಕೆಳಗೆ ಕಾಲು ತೆಗೆಸಿಕೊಂಡವರು, ತೋಟ ಗದ್ದೆಯ ಕೆಲಸದವರು. ಮಳೆಗಾಲಕ್ಕೆ ಏನು ಸಿದ್ಧತೆ ಬೇಕು ಅದನ್ನೂ ತಿಳಿಸಿ.

ಶಿವಮೊಗ್ಗ, ಪ್ರಾಸ್ಥೆಟಿಸ್ಟ್
ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಶೀಟ್ ಎಳೆಯುವುದು, ಅಂಚು ಉಜ್ಜುವುದು, ಪಟ್ಟಿ ಕೂರಿಸುವುದು ಅವರಿಗೆ ಬಿಡಿ. ಪ್ಲಾಸ್ಟರ್ ಹಾಕುವ ಮೊದಲಿನ ಪರೀಕ್ಷೆ, ತಿದ್ದಿದ ಅಚ್ಚು, ಮೊದಲ ಸಲ ಎದ್ದು ನಿಲ್ಲಿಸುವುದು, ನಡೆದು ಬಂದ ಮೇಲೆ ಚರ್ಮ ನೋಡುವುದು: ಈ ನಾಲ್ಕನ್ನು ಮಾತ್ರ ಯಾರಿಗೂ ಬಿಡಬೇಡಿ.

ಮೊದಲನೆಯದು ಸರಿಯಿಲ್ಲದಿದ್ದರೆ ಮುಂದಿನದೆಲ್ಲ ದಂಡ. ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆಗಂಟಿನಿಂದ ಶುರುಮಾಡಿ ಪ್ರತಿ 5 ಸೆಂ.ಮೀ.ಗೆ ಸ್ಟಂಪಿನ (ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ) ಸುತ್ತಳತೆ ಬರೆದುಕೊಳ್ಳಿ, ವಾರ ಬಿಟ್ಟು ಮತ್ತೆ ಅಳೆಯಿರಿ. ಇನ್ನೂ ಇಳಿಯುತ್ತಿದ್ದರೆ ಅಚ್ಚು ತೆಗೆಯಬೇಡಿ, ಕಾಲು ಕೈಗೆ ಬರುವಷ್ಟರಲ್ಲೇ ಸಡಿಲವಾಗಿರುತ್ತದೆ. ಅಲ್ಲಿಯವರೆಗೆ 10 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ, ನಾಲ್ಕು ಗಂಟೆಗೊಮ್ಮೆ ಬಿಚ್ಚಿ ಮತ್ತೆ ಸುತ್ತಲು ಮನೆಯವರಿಗೆ ಕಲಿಸಿ. ಬಳೆಯಂತೆ ಸುತ್ತಿದರೆ ತುದಿ ಬದನೆಕಾಯಿಯಂತೆ ಊದುತ್ತದೆ. ಮೊಣಕಾಲ ಕೆಳಗೆ ದಿಂಬು ಇಡುವುದನ್ನು ಮೊದಲ ದಿನವೇ ನಿಲ್ಲಿಸಿ. ಹಾಗೆ ಮಡಚಿಕೊಂಡ ಮೊಣಕಾಲನ್ನು ಬಿಡಿಸಲು ತಿಂಗಳುಗಳೇ ಬೇಕು. ಸಕ್ಕರೆ ಕಾಯಿಲೆಯವರಾದರೆ ಉಳಿದಿರುವ ಪಾದಕ್ಕೂ 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ತಿಳಿಯುತ್ತದೆಯೇ ನೋಡುವ ನೈಲಾನ್ ಎಳೆ) ಮುಟ್ಟಿಸಿ ನೋಡಿ. ಇನ್ನು ಮುಂದೆ ಹೆಚ್ಚು ಭಾರ ಹೊರುವುದು ಆ ಕಾಲೇ.

ಅಚ್ಚಿನ ವಿಷಯ. ಪ್ಲಾಸ್ಟರ್ ಸುತ್ತುವ ಮೊದಲು ಕಾಪಿಯಿಂಗ್ ಪೆನ್ಸಿಲಿನಲ್ಲಿ (ಇದರ ಗುರುತು ಒದ್ದೆ ಪ್ಲಾಸ್ಟರಿಗೆ ಇಳಿಯುತ್ತದೆ) ಚಿಪ್ಪು, ಅದರ ಕೆಳಗಿನ ಸ್ನಾಯುಪಟ್ಟಿ, ಫಿಬುಲಾ (ಕಣಕಾಲಿನ ಹೊರಬದಿಯ ಸಣ್ಣ ಮೂಳೆ) ತಲೆ, ಟಿಬಿಯಾದ (ಕಣಕಾಲಿನ ದೊಡ್ಡ ಮೂಳೆ) ಏಣು, ತುದಿ ಇಷ್ಟನ್ನೂ ಗುರುತಿಸಿರಬೇಕು. ಆ ಪ್ಲಾಸ್ಟರಿನಿಂದ ಎರೆದ ಅಚ್ಚನ್ನು ತಿದ್ದುವಾಗ ಸ್ನಾಯುಪಟ್ಟಿಯ ಜಾಗದಲ್ಲಿ ಕೆರೆಯುತ್ತೇವೆ. ಫಿಬುಲಾ ತಲೆ, ಟಿಬಿಯಾ ತುದಿಗೆ 3–5 ಮಿ.ಮೀ. ಪ್ಲಾಸ್ಟರ್ ಕೂಡಿಸುತ್ತೇವೆ. ಇಂಟರ್ನ್ ನಯಸಾಗಲಿ ಎಂದು ಎಲ್ಲಾ ಕಡೆ ಉಜ್ಜಿಬಿಟ್ಟರೆ ಗುರುತೂ ಹೋಯಿತು, ಎಷ್ಟು ಕೂಡಿಸಿದ್ದಾನೆ ಎಂಬ ಲೆಕ್ಕವೂ ಹೋಯಿತು. ಕೂಡಿಸುವ ಜಾಗದಲ್ಲಿ ಸಣ್ಣ ಮೊಳೆ ಹೊಡೆದು, 4 ಮಿ.ಮೀ. ಹೊರಗೆ ಉಳಿಸಿ, ಮೊಳೆಯ ತಲೆ ಮುಚ್ಚುವಷ್ಟು ಪ್ಲಾಸ್ಟರ್ ತುಂಬಲು ಹೇಳಿ. ನೀವು ಬಂದು ಬೆರಳಾಡಿಸಿದರೆ ತಿಳಿಯುತ್ತದೆ.

ಸಾಗರ, ಫಿಸಿಯೋಥೆರಪಿಸ್ಟ್
ಟ್ರಯಲ್ ದಿನದ ಬಗ್ಗೆ ಬರೆಯುತ್ತೇನೆ. ಹೆಚ್ಚಿನ ಜಗಳ ಶುರುವಾಗುವುದೇ ಅಲ್ಲಿ.

ನಮ್ಮ ಕಡೆಯವರು ಮನೆಯೊಳಗೆ ಬರಿಗಾಲು, ಅಂಗಳದಲ್ಲಿ ಹವಾಯಿ ಚಪ್ಪಲಿ, ತೋಟಕ್ಕೆ ಗಂಬೂಟು. ಹಿಮ್ಮಡಿ ಎತ್ತರವಾದಷ್ಟೂ ಸಾಕೆಟ್ (ಸ್ಟಂಪ್ ಕೂರುವ ಬಟ್ಟಲು) ಮುಂದಕ್ಕೆ ವಾಲಿ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಹಾಗಾಗಿ ದಿನದ ಹೆಚ್ಚು ಹೊತ್ತು ಏನು ಹಾಕುತ್ತಾರೋ ಅದರಲ್ಲೇ ಅಲೈನ್‌ಮೆಂಟ್ (ಸಾಕೆಟ್, ಪಾದಗಳ ಹೊಂದಾಣಿಕೆ) ಮಾಡಿ. ಟ್ರಯಲ್‌ಗೆ ಬರುವಾಗ ಗಂಬೂಟನ್ನೂ ತರಲು ಹೇಳಿ.

ಹಿಮ್ಮಡಿ ಊರಿದ ಕೂಡಲೇ ಮೊಣಕಾಲು ಮುಂದಕ್ಕೆ ಕುಸಿದರೆ ಪಾದ ಹಿಂದೆ ಕೂತಿದೆ, ಇಲ್ಲವೇ ಅದರ ಮುಂಭಾಗ ಮೇಲೆದ್ದಿದೆ, ಅಥವಾ ಹಿಮ್ಮಡಿ ತೀರಾ ಗಟ್ಟಿ. ಮೊಣಕಾಲು ಹಿಂದಕ್ಕೆ ತಳ್ಳಿಸಿಕೊಂಡರೆ ಇದೆಲ್ಲ ತಿರುವುಮುರುವು.

ಫಿಬುಲಾ ತಲೆ ಕೆಂಪಾದ ತಕ್ಷಣ ಹೀಟ್ ಗನ್ ಹಿಡಿದು ಅಲ್ಲಿ ಉಬ್ಬಿಸುವ ಕೆಟ್ಟ ಚಾಳಿ ಎಲ್ಲಾ ವರ್ಕ್‌ಶಾಪುಗಳಲ್ಲೂ ಇದೆ. ಮೊದಲು ಚಿಪ್ಪಿನ ಕೆಳ ಅಂಚನ್ನು ನೋಡಿ. ಅದೂ ಕೆಂಪಾಗಿ, ತುದಿಯೂ ನೋಯುತ್ತಿದ್ದರೆ ಸ್ಟಂಪ್ ಒಳಗೆ ಇಳಿದುಹೋಗಿದೆ. ಸ್ಟಂಪಿಗೆ ಒಂದು ಕಾಲುಚೀಲ ಹೆಚ್ಚಿಗೆ ಹಾಕಿ ಮತ್ತೆ ನಡೆಸಿ. ಫಿಬುಲಾ ಮಾತ್ರ ಕೆಂಪು, ನಡೆಯುವಾಗ ಮೊಣಕಾಲು ಒಳಮುಖವಾಗಿ ವಾಲುತ್ತಿದೆ ಎಂದರೆ ಪಾದ ಹೊರಕ್ಕೆ ಹೋಗಿದೆ, ಒಳಕ್ಕೆ ಸರಿಸಿ. ಎರಡೂ ಅಲ್ಲದಿದ್ದಾಗ ಮಾತ್ರ ಸಾಕೆಟ್ ಮುಟ್ಟಿ. ಉಬ್ಬಿಸಿದ ಸಾಕೆಟನ್ನು ಹಳೆಯ ಆಕಾರಕ್ಕೆ ತರುವುದು ಕಷ್ಟ.

ಸ್ಟಂಪಿನ ತುದಿ ತಾಗುತ್ತಿದೆಯೋ ಇಲ್ಲವೋ ತಿಳಿಯಲು ಮಕ್ಕಳು ಆಡುವ ಕ್ಲೇ ಗೋಲಿಯಷ್ಟು ಸಾಕೆಟಿನ ತಳದಲ್ಲಿ ಹಾಕಿ ನಿಲ್ಲಿಸಿ ತೆಗೆಯಿರಿ. ಉಂಡೆ ಹಾಗೇ ಇದ್ದರೆ ಕೆಳಗೆ ಖಾಲಿ ಇದೆ. ಖಾಲಿ ಬಿಟ್ಟರೆ ತುದಿಗೆ ರಕ್ತ ಇಳಿದು ನಿಂತು, ಚರ್ಮ ಕಪ್ಪಾಗಿ ಗಂಟುಗಂಟಾಗುತ್ತದೆ. ಹದಿನೈದು ನಿಮಿಷ ನಡೆಸಿದ ಮೇಲೆ ಕಾಲು ಬಿಚ್ಚಿಸಿ, ಗಡಿಯಾರ ನೋಡಿ. 10 ನಿಮಿಷದಲ್ಲಿ ಕೆಂಪು ಮಾಯವಾಗದಿದ್ದರೆ ಆ ಕಾಲು ಮನೆಗೆ ಹೋಗಬಾರದು, ಅವರು ಎಷ್ಟೇ ಅವಸರ ಮಾಡಲಿ.

ಇನ್ನೊಂದು, ಪ್ಯಾರಲಲ್ ಬಾರ್ ಒಳಗೆ ಚೆನ್ನಾಗಿ ನಡೆದರು ಎಂದು ಸಹಿ ಹಾಕಬೇಡಿ. ಎತ್ತರದ ಹೊಸಿಲು, ಇಳಿಜಾರು, ಕುಕ್ಕರಗಾಲು, ಒಂದು ಅಡಿ ಅಗಲದ ಹಲಗೆ, ಇಷ್ಟನ್ನೂ ಮಾಡಿಸಿ. ಮನೆಗೂ ರಸ್ತೆಗೂ ನಡುವೆ ಕಾಲುಸಂಕ (ತೊರೆ ದಾಟುವ ಕಿರುಸೇತುವೆ) ಇದೆಯೇ ಎಂದು ಕೇಳಿದ್ದೀರಾ?

ತೀರ್ಥಹಳ್ಳಿ, ಟೆಕ್ನೀಷಿಯನ್
ಮಳೆಗಾಲದ್ದು ನಾನು ಹೇಳುತ್ತೇನೆ. ಪಿಒಪಿ (ಪ್ಲಾಸ್ಟರ್ ಪುಡಿ) ಚೀಲವನ್ನು ನೆಲದ ಮೇಲೆ ಇಟ್ಟರೆ ಕೆಟ್ಟಿತೆಂದೇ ಲೆಕ್ಕ. ಥಂಡಿ ಹಿಡಿದ ಪುಡಿ ಗಂಟುಕಟ್ಟುತ್ತದೆ, ಸರಿಯಾಗಿ ಬಿಗಿಯುವುದಿಲ್ಲ, ಅಚ್ಚು ಪುಡಿಪುಡಿ. ಮುಚ್ಚಳ ಬಿಗಿಯಾದ ಡ್ರಮ್ಮಿಗೆ ಸುರಿದು ಮರದ ಹಲಗೆ ಮೇಲಿಡಿ. ಜೂನ್‌ನಿಂದ ಅಚ್ಚು ಒಣಗುವುದೇ ಇಲ್ಲ. ಹಸಿ ಅಚ್ಚಿನ ಮೇಲೆ ಬಿಸಿ ಶೀಟ್ ಎಳೆದರೆ ಆವಿ ಸಿಕ್ಕಿಕೊಂಡು ಒಳಗೆ ಗುಳ್ಳೆ ಬರುತ್ತದೆ. ಮೇಲೆ ಒಣ ಸ್ಟಾಕಿನೆಟ್ (ಕೊಳವೆಯಂಥ ಹೆಣೆದ ಬಟ್ಟೆ) ಹಾಕಿ, ವ್ಯಾಕ್ಯೂಮ್ ಸರಿ ಎಳೆಯುತ್ತಿದೆಯೇ ನೋಡಿಕೊಂಡೇ ಶೀಟ್ ಹೊರತೆಗೆಯಿರಿ. ಪಾಲಿಪ್ರೊಪಿಲೀನ್‌ಗೆ ಒಲೆ 180 ಡಿಗ್ರಿ. ಬಿಳಿ ಶೀಟ್ ಗಾಜಿನಂತೆ ಪಾರದರ್ಶಕವಾದರೆ ಹದ. ಆ ಹೊತ್ತಿಗೆ ಕಿಟಕಿ ಮುಚ್ಚಿರಲಿ. ಥಂಡಿ ಗಾಳಿ ಬಡಿದರೆ ಸ್ತರ ಸಮ ಬರುವುದಿಲ್ಲ.

ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ನೈಲಾನ್ ಪಟ್ಟಿ ಹಾಕಿ. ಕ್ಯಾಲಿಪರ್ ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಸಾಕು. ಕಾಲುಚೀಲ ಕನಿಷ್ಠ ಆರು ಕೊಡಿ. ಎರಡೇ ಕೊಟ್ಟರೆ ಒದ್ದೆಯದನ್ನೇ ಹಾಕಿಕೊಳ್ಳುತ್ತಾರೆ, ವಾರದಲ್ಲಿ ಸ್ಟಂಪ್ ಬೆಳ್ಳಗೆ ನೆನೆದು ಸಂದುಗಳಲ್ಲಿ ಹುಳುಕಡ್ಡಿ. ಬಚ್ಚಲ ಒಲೆ ಪಕ್ಕ ಕಾಲು ಒಣಗಿಸಬೇಡಿ ಎಂದು ಎರಡೆರಡು ಸಲ ಹೇಳಿ. ಕಾವಿಗೆ ಒಳಗಿನ ಇವಿಎ ಲೈನರ್ (ಮೆತ್ತನೆಯ ಫೋಮ್ ಪದರ) ಕುಗ್ಗುತ್ತದೆ, ಸಾಕೆಟ್ ಬಾಯಿ ಸೊಟ್ಟಗಾಗುತ್ತದೆ. ‘ಒಲೆಗೆ ಇಟ್ಟಿರಾ’ ಎಂದರೆ ಇಲ್ಲ ಅನ್ನುತ್ತಾರೆ. ಲೈನರ್ ಮೂಸಿದರೆ ಹೊಗೆವಾಸನೆ ಇರುತ್ತದೆ.

ಹೊಸನಗರ, ಪುನರ್ವಸತಿ ಕಾರ್ಯಕರ್ತೆ
ಸಾಗರದವರ ಮಾತಿಗೆ ಒಂದು ಸೇರಿಸುತ್ತೇನೆ. ಗದ್ದೆಗೆ ಇಳಿಯುವವರಿಗೆ ಸ್ಯಾಚ್ ಪಾದ (ಕೀಲಿಲ್ಲದ, ಮೆತ್ತನೆ ಹಿಮ್ಮಡಿಯ ಕೃತಕ ಪಾದ) ಬೇಡ, ಜೈಪುರ ಪಾದವೇ ಆಗಬೇಕು. 1968ರಲ್ಲಿ ರಾಮಚಂದ್ರ ಶರ್ಮಾ, ಡಾ. ಪಿ. ಕೆ. ಸೇಥಿ ಅದನ್ನು ರೂಪಿಸಿದ್ದೇ ಬರಿಗಾಲಲ್ಲಿ ನಡೆದು, ಕುಕ್ಕರಗಾಲಲ್ಲಿ ಕೂರುವವರಿಗಾಗಿ. ತೂಕ ಸ್ವಲ್ಪ ಹೆಚ್ಚು ನಿಜ. ಬೆರಳ ಬುಡದಲ್ಲಿ ರಬ್ಬರ್ ಬಿರಿದಿದೆಯೇ ಎಂದು ಪ್ರತಿ ಭೇಟಿಯಲ್ಲೂ ಮಡಚಿ ನೋಡಿ, ಬಿರುಕಿನಿಂದ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ.

ಕಾಲು ಕೊಟ್ಟ ಮೇಲೆ ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಎಂದು ದಿನ ಬರೆದುಕೊಟ್ಟರೆ ಯಾರೂ ಬರುವುದಿಲ್ಲ, ಬಸ್ಸೇ ಇರುವುದಿಲ್ಲ. ಆ ಊರಿನ ಸಂತೆ ದಿನಕ್ಕೆ ಹೊಂದಿಸಿ. ಬರಲಾಗದವರ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಹತ್ತಿರ ಎರಡು ಫೋಟೋ ತರಿಸಿ: ಕಾಲು ಬಿಚ್ಚಿದ ಕೂಡಲೇ ಒಂದು, 10 ನಿಮಿಷದ ನಂತರ ಇನ್ನೊಂದು, ಎಷ್ಟು ಚೀಲ ಹಾಕಿದ್ದರು ಎಂಬುದರ ಜೊತೆ. ಚೀಲ 10–12 ಪ್ಲೈ (ಚೀಲದ ದಪ್ಪದ ಲೆಕ್ಕ) ದಾಟಿದರೆ ಹೊಸ ಸಾಕೆಟ್. ಇಂಬಳ ಕಚ್ಚಿದ ಗಾಯವಿದ್ದರೆ ವಾಸಿಯಾಗುವವರೆಗೆ ಕಾಲು ಹಾಕುವುದು ಬೇಡ.

ಕೇಳಿದವರು
ಉಪಯೋಗವಾಯಿತು. ಅಳತೆ ತೆಗೆದು ಅಂದೇ ಕಾಲು ಕೊಡುವ ಒಂದೇ ದಿನದ ಶಿಬಿರಗಳ ಬಗ್ಗೆ ಏನಂತೀರಿ? ಇಂಟರ್ನ್ ಕೈಯಲ್ಲಿ ಕಾಲಿನ ಡೆಲಿವರಿ ಮಾಡಿಸಬಹುದೇ?

ಶಿವಮೊಗ್ಗ, ಪ್ರಾಸ್ಥೆಟಿಸ್ಟ್
ಹಳೆಯ ಸ್ಟಂಪ್, ಹಿಂದೆ ಕಾಲು ಬಳಸಿದವರು, ಬದಲಿ ಕಾಲು ಬೇಕಾದವರು ಇವರಿಗೆ ಒಂದೇ ದಿನದ ಶಿಬಿರ ಸಾಕು. ಮೊದಲ ಸಲದವರಿಗೆ ಬೇಡ. ಅಳತೆ ಮಾತ್ರ ತೆಗೆದುಕೊಂಡು ವಿಭಾಗಕ್ಕೆ ಕರೆಸಿ. ಇಂಟರ್ನ್ ಕಾಲು ತೊಡಿಸಲಿ, ಕಲಿಯುವುದೇ ಹಾಗೆ. ಆದರೆ ಡೆಲಿವರಿ ಹಾಳೆಯ ಸಹಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ನಿಮ್ಮದೇ ಆಗಿರಬೇಕು. ಆ ಹಾಳೆಯಲ್ಲಿ ‘ಫಿಟ್ ಚೆನ್ನಾಗಿದೆ’ ಎಂದು ಬರೆಯಲು ಬಿಡಬೇಡಿ. ಎಷ್ಟು ಪ್ಲೈ ಚೀಲ, ಯಾವ ಚಪ್ಪಲಿ, ಕೆಂಪು ಎಲ್ಲಿತ್ತು, ಎಷ್ಟು ನಿಮಿಷಕ್ಕೆ ಹೋಯಿತು, ಬೋಲ್ಟ್ ಬಿಗಿ ಮಾಡಿದವರು ಯಾರು, ಈ ಐದು ಕಲಂ ಖಾಲಿ ಇದ್ದರೆ ಸಹಿ ಹಾಕಬೇಡಿ.