ವೈನ್ ವ್ಯಾಪಾರ: ಆಮದು ಮಾಡುವವರನ್ನು ಕೇಳಿ

ಚಿಕ್ಕಬಳ್ಳಾಪುರದ ಸದಸ್ಯ: ನಮಸ್ಕಾರ ಸರ್. ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಚೀನಾದಲ್ಲಿ ರೆಡ್ ವೈನ್‌ಗೆ ಭಾರೀ ಬೇಡಿಕೆಯಂತೆ. ಬಳ್ಳಿ ಕಿತ್ತು ರೆಡ್ ವೈನ್ ದ್ರಾಕ್ಷಿ ಕ್ಯಾಬರ್ನೆ ಹಾಕಲಾ? ಸಾಲ ಮಾಡಬೇಕು.

ಆಮದುದಾರ: ಸಾಲದ ಕಾಗದಕ್ಕೆ ಸಹಿ ಹಾಕಬೇಡಿ, ಸ್ವಲ್ಪ ತಡೆಯಿರಿ. ಅಲ್ಲಿ ದುಬಾರಿ ರೆಡ್ ವೈನ್ ಹೆಚ್ಚಾಗಿ ಹೋಗಿದ್ದು ಉಡುಗೊರೆಗೆ, ಔತಣಕ್ಕೆ. ಕೆಂಪು ಶುಭ, ಎಂಟು ಅದೃಷ್ಟ. ಫ್ರಾನ್ಸ್‌ನ ಬೋರ್ಡೋದ ಹೆಸರಾಂತ ವೈನರಿ ಲಾಫೀತ್‌ನವರು 2008ರ ಬಾಟಲಿಯ ಗಾಜಿನ ಮೇಲೆ ಚೀನೀ ಲಿಪಿಯ ಎಂಟನ್ನು ಕೆಂಪಿನಲ್ಲಿ ಹಾಕಿಸಿದರು. ಒಳಗಿನ ವೈನ್ ಅದೇ, ಬೆಲೆ ಮಾತ್ರ ಜಿಗಿಯಿತು. 2012ರ ಕೊನೆಗೆ ಷಿ ಜಿನ್‌ಪಿಂಗ್ ಅಧಿಕಾರಿಗಳ ಔತಣ, ಉಡುಗೊರೆಗೆ ಕಡಿವಾಣ ಹಾಕಿದರು. ಆ ಬಾಟಲಿಗಳನ್ನು ಕೇಳುವವರು ಕಡಿಮೆಯಾದರು. ಚೀನಾವನ್ನೇ ನೆಚ್ಚಿಕೊಂಡಿದ್ದ ಆಸ್ಟ್ರೇಲಿಯಾಗೆ 2021ರಲ್ಲಿ ಶೇ. 218ರವರೆಗೆ ಸುಂಕ ಬಿತ್ತು. ಅಲ್ಲಿನ ದ್ರಾಕ್ಷಿ ಸೀಮೆ ರಿವರ್‌ಲ್ಯಾಂಡ್‌ನ ರೈತರು ಬಳ್ಳಿ ಕಿತ್ತರು. 2024ರ ಮಾರ್ಚ್‌ನಲ್ಲಿ ಸುಂಕ ಹೋಯಿತು. ಅಷ್ಟರಲ್ಲಿ ಚೀನಾದಲ್ಲಿ ವೈನ್ ಕುಡಿಯುವುದೇ ಇಳಿದಿತ್ತು. ನಿಮ್ಮ ಹೊಸ ಬಳ್ಳಿ ಒಳ್ಳೆ ಫಸಲು ಕೊಡೋಕೆ ಎರಡು ಮೂರು ವರ್ಷ ಬೇಕು. ಬೆಂಗಳೂರು ಬ್ಲೂ ಜ್ಯೂಸ್‌ಗಾದರೂ ಹೋಗುತ್ತದೆ. ಕ್ಯಾಬರ್ನೆ ಹಣ್ಣು ಪುಟ್ಟದು, ಸಿಪ್ಪೆ ದಪ್ಪ, ಬೀಜ. ವೈನರಿ ಬೇಡ ಅಂದರೆ ಸಂತೆಯಲ್ಲಿ ಯಾರೂ ಮುಟ್ಟಲ್ಲ. ಕೊಳ್ಳುತ್ತೇವೆ ಅಂತ ಯಾರಾದರೂ ಬರೆದು ಕೊಟ್ಟಿದ್ದಾರಾ?

ಮೈಸೂರಿನ ಸದಸ್ಯೆ: ದಿನಾ ಒಂದು ಗ್ಲಾಸ್ ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅಂತ ಫಾರ್ವರ್ಡ್ ಬಂದಿದೆ. ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. ಕೊಡಬಹುದಾ?

ಆಮದುದಾರ: ಕೊಡಬೇಡಿ ಮೇಡಂ. ಅವರ ಡಾಕ್ಟರನ್ನು ಕೇಳಿ. 1991ರಲ್ಲಿ ಅಮೆರಿಕದ ಟಿವಿಯಲ್ಲಿ ಇಂಥದ್ದೇ ಮಾತು ಬಂತು. ಅಲ್ಲಿ ರೆಡ್ ವೈನ್ ಮಾರಾಟ ಏರಿತು. ಅದರಿಂದ ವೈನ್ ಔಷಧಿ ಆಗಲಿಲ್ಲ. ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಫಾರ್ವರ್ಡ್ ಅಳಿಸಿಬಿಡಿ.

ದಾವಣಗೆರೆಯ ಸದಸ್ಯ: ಶುಗರ್‌ಗೂ ಒಳ್ಳೆಯದಂತೆ?

ಆಮದುದಾರ: ಇಲ್ಲ. ಮೇಲೆ ಓದಿ.

ಅಡಿಲೇಡ್‌ನ ಸದಸ್ಯೆ: ಇಟಲಿಯ ನೊರೆ ವೈನ್ ಪ್ರೊಸೆಕ್ಕೊ ಎಲ್ಲ ಕಡೆ ಕಾಣ್ತಿದೆ. ಅದನ್ನು ಬೆರೆಸಿ ಮಾಡೋ ಸ್ಪ್ರಿಟ್ಜ್ ಕಾಕ್‌ಟೇಲ್ ಫ್ಯಾಷನ್ ಆಗಿದ್ದಕ್ಕಾ?

ಧಾರವಾಡದ ಸದಸ್ಯ: ಗುಂಪಿನಲ್ಲಿ ಹೆಂಡದ ಮಾತು ಯಾಕೆ? ಇದು ನಮ್ಮ ಸಂಸ್ಕೃತಿ ಅಲ್ಲ.

ದೇವನಹಳ್ಳಿಯ ಸದಸ್ಯ: ದ್ರಾಕ್ಷಿ ಬೆಳೆಯೋದು ನಮ್ಮ ಹೊಟ್ಟೆಪಾಡು ಸ್ವಾಮಿ.

ಧಾರವಾಡದ ಸದಸ್ಯ: ಕುಡಿಯೋಕೆ ಒಂದು ನೆಪ, ಅಷ್ಟೇ.

ದೇವನಹಳ್ಳಿಯ ಸದಸ್ಯ: ನಾನು ಮುಟ್ಟಿಯೇ ಇಲ್ಲ. ಮಾತು ನೋಡಿಕೊಂಡು ಆಡಿ.

ತುಮಕೂರಿನ ಸದಸ್ಯ: ರೆಡ್ ವೈನ್ ಕುಡಿದರೆ ರಕ್ತ ಜಾಸ್ತಿ ಆಗುತ್ತಾ?

ಆಮದುದಾರ: ಆಗಲ್ಲ. ಔಷಧಿ ಪ್ರಶ್ನೆ ಇನ್ನು ಸಾಕು. ಚಿಕ್ಕಬಳ್ಳಾಪುರದವರು ಇದ್ದೀರಾ?

ಚಿಕ್ಕಬಳ್ಳಾಪುರದ ಸದಸ್ಯ: ಇದ್ದೀನಿ ಸರ್. ಬರೆದು ಕೊಟ್ಟಿಲ್ಲ, ಬಾಯಿಮಾತು.

ಆಮದುದಾರ: ಹಾಗಾದರೆ ಬಳ್ಳಿ ಮುಟ್ಟಬೇಡಿ. ರಾತ್ರಿ ಫೋನ್ ಮಾಡಿ, ಮಾತಾಡೋಣ.