ಕಾಮನ್ ಆ್ಯಪ್ ಪ್ರಬಂಧಕ್ಕೆ ದೊಡ್ಡ ಕಥೆ ಇರಲೇಬೇಕಾ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಈ ವರ್ಷ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕ್ತಿದ್ದೇನೆ. ಅಂಕಗಳು ಚೆನ್ನಾಗಿವೆ, ಎಸ್‌ಎಟಿ ಪ್ರವೇಶ ಪರೀಕ್ಷೆ ಕೂಡ ಮುಗಿದಿದೆ. ತಲೆನೋವಾಗಿರುವುದು ಕಾಮನ್ ಆ್ಯಪ್‌ನ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಮುಖ್ಯ ಪ್ರಬಂಧ. ನೆಟ್‌ನಲ್ಲಿ ಸಿಗುವ ಮಾದರಿಗಳಲ್ಲಿ ಒಬ್ಬರು ದೊಡ್ಡ ಕಾಯಿಲೆ ಗೆದ್ದಿರುತ್ತಾರೆ, ಇನ್ನೊಬ್ಬರು ಸಂಸ್ಥೆಯನ್ನೇ ಕಟ್ಟಿರುತ್ತಾರೆ. ನನ್ನ ಜೀವನದಲ್ಲಿ ಅಂಥದ್ದೇನೂ ನಡೆದಿಲ್ಲ. ಓದು, ಚೆಸ್, ಕೆಟ್ಟುಹೋದ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು, ಅಷ್ಟೇ. ಸದ್ಯಕ್ಕೆ ಚೆಸ್ ಟೂರ್ನಿ ಗೆದ್ದದ್ದರ ಬಗ್ಗೆ ಬರೆದಿದ್ದೇನೆ. ಓದಿದವರೆಲ್ಲ ಚೆನ್ನಾಗಿದೆ ಅಂತಾರೆ, ನನಗೇ ಸಪ್ಪೆ ಅನ್ನಿಸ್ತಿದೆ. ಇದನ್ನೇ ತಿದ್ದಲಾ, ಬೇರೆ ಬರೆಯಲಾ? ಇನ್ನೊಂದು ವಿಷಯ: ಅರ್ಲಿ ಡಿಸಿಷನ್ (ಒಂದೇ ಕಾಲೇಜಿಗೆ ಬೇಗ ಅರ್ಜಿ ಹಾಕೋದು) ಹಾಕಿದರೆ ಒಳ್ಳೆಯದು ಅಂತ ಹೇಳ್ತಾರೆ. ಆದರೆ ನಾನು ಅಮೆರಿಕದ ಪ್ರಜೆ ಅಲ್ಲ, ಫೈನಾನ್ಷಿಯಲ್ ಏಡ್ (ಕಾಲೇಜು ಕೊಡುವ ಹಣದ ನೆರವು) ಇಲ್ಲದೆ ಓದೋಕೆ ಆಗಲ್ಲ.

ಹಳೇಬೆಂಚು:
ಚೆಸ್ ಬಿಟ್ಟುಬಿಡಿ. ಟೂರ್ನಿ ಗೆದ್ದದ್ದನ್ನು ಹೇಳೋಕೆ ಅರ್ಜಿಯಲ್ಲೇ ಬೇರೆ ಜಾಗ ಇದೆ. ಚಟುವಟಿಕೆಗಳ ಪಟ್ಟಿಯಲ್ಲಿ 10 ಚಟುವಟಿಕೆ ಹಾಕಬಹುದು, ಒಂದೊಂದರ ವಿವರಣೆಗೂ 150 ಅಕ್ಷರ ಸಿಗುತ್ತೆ. ಗೆಲುವಿಗೆ ಅಷ್ಟು ಸಾಕು. ಅದನ್ನೇ ಮತ್ತೆ ಮುಖ್ಯ ಪ್ರಬಂಧದ 650 ಪದಗಳಲ್ಲಿ ಹೇಳಿದರೆ ಓದುವವರಿಗೆ ನಿಮ್ಮ ಬಗ್ಗೆ ಹೊಸದೇನೂ ಗೊತ್ತಾಗಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ರೇಡಿಯೋ. ಯಾವ ರೇಡಿಯೋ ಅದು? ಏನು ಕೆಟ್ಟಿತ್ತು? ಮೊದಲು ಏನು ಅಂದುಕೊಂಡಿರಿ, ಅದು ಸರಿಯಲ್ಲ ಅಂತ ಹೇಗೆ ಗೊತ್ತಾಯ್ತು? ಎಷ್ಟೇ ಒದ್ದಾಡಿದರೂ ಸರಿಹೋಗದೇ ಇದ್ದದ್ದನ್ನು ಏನು ಮಾಡಿದಿರಿ? ಇದಕ್ಕೆಲ್ಲ ಉತ್ತರ ಬರೀತಾ ಹೋದರೆ ನಿಮ್ಮ ತಲೆ ಹೇಗೆ ಓಡುತ್ತೆ ಅನ್ನೋದು ತಾನಾಗಿ ಕಾಣುತ್ತೆ, ನನಗೆ ಕುತೂಹಲ ಜಾಸ್ತಿ, ತಾಳ್ಮೆ ಜಾಸ್ತಿ ಅಂತ ಬೇರೆ ಹೇಳಿಕೊಳ್ಳಬೇಕಾಗಿಲ್ಲ. ಕಾಮನ್ ಆ್ಯಪ್‌ನ 7 ಪ್ರಶ್ನೆಗಳಲ್ಲಿ ಹೊತ್ತು ಹೋಗಿದ್ದೇ ತಿಳಿಯದಷ್ಟು ನಿಮ್ಮನ್ನು ಸೆಳೆಯುವ ವಿಷಯದ ಬಗ್ಗೆಯೂ ಒಂದಿದೆ, ನೋಡಿ. ದೊಡ್ಡ ಕಷ್ಟ ಬಂದವರು ಅದನ್ನು ಬರೀಲಿ, ಬರದೇ ಇದ್ದವರು ಹುಡುಕಿ ತರಬೇಕಾಗಿಲ್ಲ.

ಲೆಕ್ಕದಮೇಡಂ:
ಏಡ್ ಬಗ್ಗೆ ಹೇಳ್ತೀನಿ, ಇದು ಮುಖ್ಯ. ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕರೆ ಸೇರುತ್ತೇನೆ ಅಂತ ಮೊದಲೇ ಒಪ್ಪಿ ಸಹಿ ಹಾಕಿರುತ್ತೀರಿ. ಕೊಟ್ಟ ಏಡ್ ಸಾಲದೇ ಹೋದರೆ ಬಿಡಿಸಿಕೊಳ್ಳಬಹುದು, ನಿಜ. ಆದರೆ ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತು ಅಂತ ಹೋಲಿಸಿ ನೋಡುವ ಅವಕಾಶ ಇರಲ್ಲ. ಅರ್ಲಿ ಆ್ಯಕ್ಷನ್‌ನಲ್ಲಿ ಬೇಗ ಅರ್ಜಿ ಹಾಕಿದರೂ ಸೇರಲೇಬೇಕು ಅನ್ನೋ ಈ ಕಟ್ಟು ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಇವೆಲ್ಲ ಹೊರದೇಶದವರ ಅರ್ಜಿಯನ್ನೂ ದುಡ್ಡಿನ ಸ್ಥಿತಿ ನೋಡದೆ ಪರಿಶೀಲಿಸುತ್ತವೆ, ಸೀಟು ಕೊಟ್ಟರೆ ಬೇಕಾದಷ್ಟು ಏಡ್ ಕೂಡ ಕೊಡುತ್ತವೆ. ಸ್ಪರ್ಧೆ ವಿಪರೀತ ಅನ್ನೋದು ಮಾತ್ರ ನೆನಪಿರಲಿ. ಬಹಳಷ್ಟು ಕಾಲೇಜುಗಳಲ್ಲಿ ಏಡ್ ಕೇಳಿದ್ದೇ ಪ್ರವೇಶದ ನಿರ್ಧಾರದಲ್ಲಿ ಲೆಕ್ಕಕ್ಕೆ ಬರುತ್ತೆ. ಪಟ್ಟಿ ಮಾಡುವ ಮುಂಚೆ ಪ್ರತಿ ಕಾಲೇಜಿನ ನಿಯಮ ಅವರ ಸೈಟ್‌ನಲ್ಲೇ ಓದಿ.

ಎಂಐಟಿಗೆ ಅರ್ಜಿ ಬೇರೆ, ಅಲ್ಲಿ ಉದ್ದ ಪ್ರಬಂಧದ ಬದಲು ಚಿಕ್ಕ ಚಿಕ್ಕ ಉತ್ತರಗಳು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ್ದೂ ಬೇರೆ: 8 ಪ್ರಶ್ನೆಗಳಲ್ಲಿ 4 ಆರಿಸಿಕೊಳ್ಳಬೇಕು, ತಲಾ ಹೆಚ್ಚೆಂದರೆ 350 ಪದ. ಅಲ್ಲಿ ಎಸ್‌ಎಟಿ ನೋಡೋದೇ ಇಲ್ಲ.

ಕೆಂಪುಶಾಯಿ:
ಚೆಸ್ ಬಿಡಿ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಗೆದ್ದ ಕಥೆ ಸಪ್ಪೆ, ಸರಿ. ಸೋತ ಒಂದು ಆಟವನ್ನು ಮತ್ತೆ ಮತ್ತೆ ಬಿಡಿಸಿ ನೋಡಿದ್ದಿದ್ದರೆ ಅದೂ ಬರೆಯುವಂಥದ್ದೇ, ಅಲ್ವಾ? ಎರಡನ್ನೂ ಸುಮ್ನೆ ಒಂದೊಂದು ಪುಟ ಗೀಚಿ, ಯಾವುದರಲ್ಲಿ ಕೈ ನಿಲ್ಲದೆ ಓಡುತ್ತೋ ಅದನ್ನೇ ಹಿಡಿಯಿರಿ. ಜಾಸ್ತಿ ಜನರ ಕೈಲಿ ತಿದ್ದಿಸಬೇಡಿ, ಕೊನೆಗೆ ನಿಮ್ಮ ದನಿಯೇ ಉಳಿಯಲ್ಲ. ಎಐ ಕೈಲಂತೂ ಬರೆಸಲೇಬೇಡಿ, ಅದನ್ನು ಸ್ವಂತದ್ದು ಅಂತ ಕೊಡುವುದು ಕಾಮನ್ ಆ್ಯಪ್ ನಿಯಮದ ಪ್ರಕಾರವೇ ವಂಚನೆ.

'ನಮ್ಮ ಕಾಲೇಜೇ ಯಾಕೆ' ಅಂತ ಕೇಳುವ ಪೂರಕ ಪ್ರಬಂಧಗಳನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಹೆಸರಾಂತ ಪ್ರಾಧ್ಯಾಪಕರು, ಸುಂದರ ಕ್ಯಾಂಪಸ್ ಅಂತ ಬರೆದರೆ ಕಾಲೇಜಿನ ಹೆಸರು ಬದಲಿಸಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಆ ಕಾಲೇಜಿನ ಕೋರ್ಸ್ ಪಟ್ಟಿ ತೆಗೆದು, ರೇಡಿಯೋ ಹುಚ್ಚಿಗೆ ಸರಿಹೊಂದುವ ಲ್ಯಾಬ್ ಯಾವುದು, ಕ್ಲಬ್ ಯಾವುದು ಅಂತ ನೋಡಿ ಬರೆಯಿರಿ.

ಮಳೆಬಿಲ್ಲು:
ತುಂಬಾ ಥ್ಯಾಂಕ್ಸ್. ರೇಡಿಯೋ ಬಗ್ಗೆ ಶುರು ಮಾಡ್ತೀನಿ. 650 ಪದ ತುಂಬಿಸಲೇಬೇಕಾ?

ಹಳೇಬೆಂಚು:
ಬೇಡ. ಕನಿಷ್ಠ 250 ಇರಬೇಕು, ಹೇಳೋದು 500ರಲ್ಲಿ ಮುಗಿದರೆ ಅಲ್ಲೇ ನಿಲ್ಲಿಸಿ. ಅರ್ಲಿ ಅರ್ಜಿಗಳ ಗಡುವು ಹೆಚ್ಚಾಗಿ ನವೆಂಬರ್ 1 ಇರುತ್ತೆ, ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಇನ್ನೂ ಕೇಳಿಲ್ಲ ಅಂದರೆ ಪ್ರಬಂಧಕ್ಕಿಂತ ಮೊದಲು ಆ ಕೆಲಸ ಮಾಡಿ.