ಅಪ್ಪಯ್ಯನಿಗೆ ಮೂಗಿನ ಹಿಂದೆ ಕ್ಯಾನ್ಸರ್: ಕೀಮೋ, ರೇಡಿಯೇಶನ್ ಒಟ್ಟಿಗೇ ಬೇಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಾವು ತೀರ್ಥಹಳ್ಳಿ ಕಡೆಯವರು. ಅಪ್ಪಯ್ಯನಿಗೆ 56 ವರ್ಷ. ಕುತ್ತಿಗೆಯ ಎರಡೂ ಕಡೆ ಗಂಟು, ಒಂದು ಕಿವಿ ಕಟ್ಟಿಕೊಂಡ ಹಾಗೆ. ಬಯಾಪ್ಸಿಯಲ್ಲಿ ನೇಸೋಫ್ಯಾರಿಂಕ್ಸ್ ಕ್ಯಾನ್ಸರ್ ಅಂತ ಬಂದಿದೆ. ಟಿ3 ಎನ್2 (ಗಡ್ಡೆ ಮತ್ತು ಕುತ್ತಿಗೆ ಗಂಟು ಎಷ್ಟು ಬೆಳೆದಿವೆ ಅನ್ನುವ ಗುರುತು), ಮೂರನೇ ಹಂತ. ಬೇರೆ ಅಂಗಕ್ಕೆ ಹರಡಿಲ್ಲ. ಏಳು ವಾರ ರೇಡಿಯೇಶನ್, ಜೊತೆಗೇ ಕೀಮೋ ಎಂದಿದ್ದಾರೆ. ಎರಡನ್ನೂ ತಡೆದುಕೊಳ್ಳುತ್ತಾರಾ ಅಂತ ಭಯ. ಈಗ ರೇಡಿಯೇಶನ್ ಮುಗಿಸಿ, ಕೀಮೋವನ್ನು ಅಡಿಕೆ ಕೊಯ್ಲು ಆದ ಮೇಲೆ ಮಾಡಿಸಬಹುದಾ? ಆಪರೇಶನ್ ಯಾಕೆ ಬೇಡ?

ಉತ್ತರ (ರೇಡಿಯೇಶನ್ ಡಾಕ್ಟರ್): ಕೀಮೋ ಮುಂದಕ್ಕೆ ಹಾಕಬೇಡಿ ಅಮ್ಮ. ಅದನ್ನು ಜೊತೆಗೇ ಕೊಡುವುದಕ್ಕೆ ಕಾರಣ ಇದೆ. ರೇಡಿಯೇಶನ್ ಕ್ಯಾನ್ಸರ್ ಕೋಶದ ಡಿಎನ್‌ಎ ಮುರಿಯುತ್ತದೆ. ಆ ಕೋಶಗಳು ಅದನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತವೆ. ಆಗ ಮೈಯಲ್ಲಿ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಇದ್ದರೆ ರಿಪೇರಿ ಕಷ್ಟವಾಗುತ್ತದೆ. ಈ ಕಾಯಿಲೆ ಮೂಳೆ, ಶ್ವಾಸಕೋಶ, ಲಿವರ್‌ಗೆ ಹೋಗುವ ಸ್ವಭಾವದ್ದು. ಸ್ಕ್ಯಾನ್‌ಗೆ ಕಾಣದ ಕಣಗಳನ್ನೂ ಕೀಮೋ ಹುಡುಕಿ ಹೊಡೆಯುತ್ತದೆ.

1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬರೀ ರೇಡಿಯೇಶನ್ ಪಡೆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ. 47. ಜೊತೆಗೆ ಕೀಮೋ, ಮುಗಿದ ಮೇಲೂ ಕೀಮೋ ಪಡೆದವರಲ್ಲಿ ಶೇ. 78. ನಂತರದ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಿರಲಿಲ್ಲ, ಆದರೂ ಕೀಮೋ ಸೇರಿದ ಕಡೆಯೇ ಮೇಲಾಯಿತು. 2019ರ ಚೀನಾದ ಅಧ್ಯಯನದಲ್ಲಿ ಕೆಲವರಿಗೆ ಮೊದಲು ಮೂರು ಸಲ ಜೆಮ್‌ಸಿಟಾಬಿನ್ (ಇನ್ನೊಂದು ಕೀಮೋ ಔಷಧಿ) ಮತ್ತು ಸಿಸ್ಪ್ಲಾಟಿನ್ ಕೊಟ್ಟು, ಆಮೇಲೆ ಕೀಮೋ, ರೇಡಿಯೇಶನ್ ಒಟ್ಟಿಗೆ ಕೊಟ್ಟರು; ಉಳಿದವರಿಗೆ ನೇರವಾಗಿ ಕೀಮೋ, ರೇಡಿಯೇಶನ್ ಒಟ್ಟಿಗೆ. ಮೂರು ವರ್ಷ ಕಾಯಿಲೆ ಮರಳದೆ ಇದ್ದವರು ನೇರವಾಗಿ ಶುರು ಮಾಡಿದವರಲ್ಲಿ ಶೇ. 76.5, ಮೊದಲೇ ಕೀಮೋ ಪಡೆದವರಲ್ಲಿ ಶೇ. 85.3. ಅಪ್ಪಯ್ಯನಿಗೆ ಇದು ಹೊಂದುತ್ತದಾ ಅಂತ ನಿಮ್ಮ ಡಾಕ್ಟರನ್ನು ಖಂಡಿತ ಕೇಳಿ.

ಆಪರೇಶನ್ ವಿಷಯ: ಆ ಜಾಗ ತಲೆಬುರುಡೆಯ ಬುಡದಲ್ಲಿದೆ. ಚಾಕು ಹೋಗಿ ಪೂರ್ತಿ ತೆಗೆದು ಬರುವುದು ಕಷ್ಟ. ಪುಣ್ಯಕ್ಕೆ ಈ ಕ್ಯಾನ್ಸರ್ ರೇಡಿಯೇಶನ್‌ಗೆ ಚೆನ್ನಾಗಿ ಕರಗುತ್ತದೆ.

ಅದೇ ಮಗಳು: ಅರ್ಥ ಆಯ್ತು ಡಾಕ್ಟ್ರೇ. ಮಳೆಗಾಲ ಅಲ್ವಾ, ಘಾಟಿ ಇಳಿದು ಮಣಿಪಾಲಕ್ಕೆ ದಿನಾ ಹೋಗಿ ಬರಲು ಆಗುತ್ತದಾ? ನಡುವೆ ಎರಡು ದಿನ ತಪ್ಪಿದರೆ?

ಉತ್ತರ: ಬೇಡ. ಅಲ್ಲೇ ಹತ್ತಿರ ರೂಮು ಮಾಡಿ. ಸಾಮಾನ್ಯವಾಗಿ ಒಟ್ಟು 70 ಗ್ರೇ (ರೇಡಿಯೇಶನ್ ಅಳೆಯುವ ಮಾನ), 33ರಿಂದ 35 ದಿನಕ್ಕೆ ಹಂಚಿ, ವಾರಕ್ಕೆ ಐದು ದಿನ. ತಪ್ಪಿದ ದಿನಗಳಲ್ಲಿ ಕ್ಯಾನ್ಸರ್ ಕೋಶ ಮತ್ತೆ ಬೆಳೆಯುತ್ತದೆ. ತಪ್ಪಿಹೋದರೆ ಡಾಕ್ಟರಿಗೆ ಹೇಳಿ, ಸರಿದೂಗಿಸುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಶುರುವಿಗೆ ಮೊದಲೇ ಆಸ್ಪತ್ರೆಯ ಯೋಜನೆ ಕೌಂಟರ್‌ನಲ್ಲಿ ವಿಚಾರಿಸಿ.

ತಡೆದುಕೊಳ್ಳುತ್ತಾರಾ ಅಂದಿರಲ್ಲ. ಸಿಸ್ಪ್ಲಾಟಿನ್‌ನಿಂದ ವಾಂತಿ, ಕಿಡ್ನಿಗೆ ಪೆಟ್ಟು, ಕಿವಿಗೆ ಪೆಟ್ಟು. ಅದಕ್ಕೇ ಮೊದಲು ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮತ್ತು ಶ್ರವಣ ಪರೀಕ್ಷೆ. ಕೊಡುವ ದಿನ ಸಲೈನ್ ಧಾರಾಳವಾಗಿ ಹಾಕುತ್ತಾರೆ. ಕಿವಿ ಈಗಾಗಲೇ ಮಂದ ಇರುವುದನ್ನು ಮರೆಯದೆ ಹೇಳಿ. ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ, ನುಂಗಲು ನೋವು. ನನಗೆ ಜಾಸ್ತಿ ಚಿಂತೆ ತೂಕದ್ದು. ಪ್ರತಿ ವಾರ ತೂಕ ನೋಡಿ. ತಿನ್ನಲು ಆಗದಿದ್ದರೆ ಮೂಗಿನಿಂದ ಟ್ಯೂಬು ಹಾಕಿಸಲು ಒಪ್ಪಿ. ಅದು ಸೋಲಲ್ಲ, ಚಿಕಿತ್ಸೆ ನಿಲ್ಲದಂತೆ ಕಾಪಾಡುವ ದಾರಿ.

ಇನ್ನೊಬ್ಬರು, ಸಾಗರದಿಂದ: ನಮ್ಮ ಮಾವನಿಗೂ ಇದೇ ಚಿಕಿತ್ಸೆ ಶುರುವಾಗಲಿದೆ. ತಂಬುಳಿ ಕೊಡಬಹುದಾ? ಎಲೆಅಡಿಕೆ ಬಿಡುವುದಿಲ್ಲ ಅಂತಾರೆ.

ಉತ್ತರ: ಮೆಣಸು, ಹುಳಿ ಇಲ್ಲದ ತೆಳ್ಳಗಿನ ತಂಬುಳಿ ಕೊಡಿ. ಬಾಯಿ ಉರಿದರೆ ನಿಲ್ಲಿಸಿ. ಕುಚ್ಚಲಕ್ಕಿ ಗಂಜಿ ಮಿಕ್ಸಿಗೆ ಹಾಕಿ ತುಪ್ಪ ಸೇರಿಸಿ. ಕುದಿಸಿ ಆರಿಸಿದ ನೀರು, ಬೇಯಿಸಿದ ಮೊಟ್ಟೆ ಆಗಬಹುದು. ಎಲೆಅಡಿಕೆ, ಹೊಗೆಸೊಪ್ಪು ಇವತ್ತೇ ಬಿಡಿಸಿ. ಹಲ್ಲಿನ ಡಾಕ್ಟರಿಗೆ ಈಗಲೇ ತೋರಿಸಿ. ಹುಳುಕು ಹಲ್ಲು ತೆಗೆಯುವುದಿದ್ದರೆ ರೇಡಿಯೇಶನ್‌ಗೆ ಎರಡು ವಾರ ಮೊದಲೇ ಆಗಬೇಕು. ಆಮೇಲೆ ತೆಗೆದರೆ ದವಡೆ ಮೂಳೆ ವಾಸಿಯಾಗದೆ ಕಾಡಬಹುದು.